ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದೂ ನಿಲ್ಲುವ ಎಂಜಿನ್

ಬಜಾಜ್ ಸ್ಕೂಟರುಗಳ ಕಾಲದಲ್ಲಿ ರಾಜಾಜಿನಗರದ ನವರಂಗ್ ಬಳಿ ಗಾಡಿ ಕೆಮ್ಮಿ ನಿಂತರೆ ಸವಾರ ಗಾಬರಿಯಾಗುತ್ತಿರಲಿಲ್ಲ. ಸೀಟಿನ ಕೆಳಗಿನ ನಲ್ಲಿಯನ್ನು ‘ರಿಸರ್ವ್’ಗೆ ತಿರುಗಿಸಿ, ಎರಡು ಸಲ ಕಿಕ್ ಹೊಡೆದು, ಬಂಕಿನತ್ತ ಹೊರಡುತ್ತಿದ್ದ. ಅದೂ ತೀರಿದ್ದರೆ ಗಾಡಿಯನ್ನು ಪಕ್ಕಕ್ಕೆ ವಾಲಿಸುವ ಉಪಾಯವಿತ್ತು. ಪುಟ್ಟ ವಿಮಾನದಲ್ಲೂ ಇಂಥದೇ ನಲ್ಲಿ ಇದೆ. ಆದರೆ ಅಲ್ಲಿ ನಿಲ್ಲಿಸಲು ರಸ್ತೆಯ ಬದಿ ಇಲ್ಲ.

ಆಕಾಶದಲ್ಲಿ ಎಂಜಿನ್ ಎರಡು ರೀತಿಯಲ್ಲಿ ಹಸಿಯಬಹುದು. ಇಂಧನವೇ ಬತ್ತುವುದು ಒಂದು. 1993ರ ನವೆಂಬರ್ 15ರಂದು ಹೈದರಾಬಾದಿನಲ್ಲಿ ಇಳಿಯಲಾಗದೆ ಮದರಾಸಿನತ್ತ ಮರಳುತ್ತಿದ್ದ ಇಂಡಿಯನ್ ಏರ್‌ಲೈನ್ಸ್ ಏರ್‌ಬಸ್ಸಿಗೆ ಆದದ್ದು ಅದೇ. ರೆಕ್ಕೆಯ ಫ್ಲ್ಯಾಪ್‌ಗಳು ಒಳಸರಿಯದೆ ಸಿಕ್ಕಿಕೊಂಡು, ಇಂಧನ ಹೆಚ್ಚು ಖರ್ಚಾಗಿ, ಅದು ತಿರುಪತಿ ಬಳಿಯ ಗದ್ದೆಯಲ್ಲಿ ಇಳಿಯಿತು. ಎಲ್ಲರೂ ಬದುಕಿದರು. ಎರಡನೆಯದು ಇನ್ನೂ ವಿಚಿತ್ರ: ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದೂ ಎಂಜಿನ್ನಿಗೆ ತಲುಪದಿರುವುದು.

ಇದಕ್ಕೆ ಕಾರಣ ವಿಮಾನದ ರಚನೆಯಲ್ಲೇ ಇದೆ. ಜಕ್ಕೂರಿನ ಸರ್ಕಾರಿ ತರಬೇತಿ ಶಾಲೆಯ ಆಕಾಶದಲ್ಲಿ ಕಾಣುವ ಸೆಸ್ನಾಗಳಿಗೆ ರೆಕ್ಕೆ ತಲೆಯ ಮೇಲಿದೆ, ಟ್ಯಾಂಕುಗಳಿರುವುದು ಅದರೊಳಗೆ. ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ, ಎರಡೂ ಟ್ಯಾಂಕುಗಳಿಂದ ಒಟ್ಟಿಗೆ. ಪೈಪರ್ ಚೆರೋಕೀಯಂಥ ವಿಮಾನಗಳ ರೆಕ್ಕೆ ಕೆಳಗಿರುವುದರಿಂದ ಪಂಪು ಹೀರಬೇಕು. ಎರಡು ಎಳನೀರಿಗೆ ಎರಡು ಸ್ಟ್ರಾ ಹಾಕಿ ಒಟ್ಟಿಗೆ ಹೀರಿ ನೋಡಿ: ಒಂದು ಬರಿದಾಯಿತೋ, ಬಾಯಿಗೆ ಬರುವುದು ಹೆಚ್ಚಾಗಿ ಗಾಳಿಯೇ. ಹಾಗಾಗಿ ಅಲ್ಲಿ ಎಡ ಅಥವಾ ಬಲ, ಒಮ್ಮೆಗೆ ಒಂದೇ ಟ್ಯಾಂಕು. ಗಡಿಯಾರ ನೋಡಿ ನಲ್ಲಿ ತಿರುಗಿಸುವ ಹೊಣೆ ಪೈಲಟ್‌ನದು. ಮರೆತರೆ, ಒಂದು ರೆಕ್ಕೆ ತುಂಬಿದ್ದರೂ ಎಂಜಿನ್ ನಿಲ್ಲುತ್ತದೆ. ಎತ್ತರದಲ್ಲಿದ್ದರೆ ನಲ್ಲಿ ಬದಲಿಸಿ, ಪಂಪು ಹಾಕಿ ಮತ್ತೆ ಎಬ್ಬಿಸಬಹುದು. ನೆಲದ ಸಮೀಪ ಅಷ್ಟು ವೇಳೆಯಿಲ್ಲ. ಅದಕ್ಕೇ ಮೇಲೇರುವ ಕ್ಷಣದಲ್ಲಿ ಟ್ಯಾಂಕು ಬದಲಿಸಬಾರದೆಂದು ಕಲಿಸುತ್ತಾರೆ. ಹೊಸ ಟ್ಯಾಂಕಿನ ಮೇಲೆ ಎಂಜಿನ್ ನೆಲದಲ್ಲೇ ಸ್ವಲ್ಪ ಹೊತ್ತು ಓಡಿ ತೋರಿಸಬೇಕು.

ಮುಳ್ಳು ನೋಡಿದರೆ ಸಾಲದೇ ಎನ್ನುವಿರಾ? ಪುಟ್ಟ ವಿಮಾನಗಳ ಇಂಧನ ಮುಳ್ಳನ್ನು ಅನುಭವಸ್ಥರು ನಂಬುವುದಿಲ್ಲ. ರೆಕ್ಕೆಯ ಮುಚ್ಚಳ ತೆಗೆದು ಕಡ್ಡಿ ಅದ್ದಿ ಅಳೆಯುತ್ತಾರೆ, ನಮ್ಮ ಹಿರಿಯರು ಬಾವಿಗೆ ಹಗ್ಗ ಬಿಟ್ಟು ನೀರಳೆದಂತೆ. ಸೆಸ್ನಾ 152ರ ಸುಮಾರು 98 ಲೀಟರಿನಲ್ಲಿ ಐದೂವರೆ ಲೀಟರಿನಷ್ಟು ತಳದಲ್ಲೇ ಉಳಿಯುವಂಥದು, ಲೆಕ್ಕಕ್ಕೆ ಸೇರಿಸುವಂತಿಲ್ಲ. ತಳದಿಂದ ಸ್ವಲ್ಪ ಇಂಧನ ಬಸಿದು ನೀರು ಸೇರಿದೆಯೇ ಎಂದೂ ನೋಡುತ್ತಾರೆ. ಈ ಪೆಟ್ರೋಲಿಗೆ ನೀಲಿ ಬಣ್ಣ ಹಾಕಿರುವುದರಿಂದ ತಳದ ನೀರು ಬೇರೆಯಾಗಿ ಕಾಣುತ್ತದೆ.

ನಲ್ಲಿ ಎಲ್ಲಿದೆ ಎಂಬುದೂ ಪ್ರಾಣದ ಪ್ರಶ್ನೆಯಾಗಬಲ್ಲದು. ಅಮೆರಿಕದ ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ಮೇಲೆ ಹಾರುತ್ತಿದ್ದುದು ಒಬ್ಬ ಹವ್ಯಾಸಿ ಕಟ್ಟಿದ್ದ ‘ಲಾಂಗ್ ಈಝೀ’ ವಿಮಾನದಲ್ಲಿ. ವಿನ್ಯಾಸದ ಪ್ರಕಾರ ನಲ್ಲಿ ಪೈಲಟ್‌ನ ಮುಂದೆ, ಕಾಲುಗಳ ನಡುವೆ ಇರಬೇಕಿತ್ತು. ಕಟ್ಟಿದವನು ಅದನ್ನು ಎಡಭುಜದ ಹಿಂದೆ ಕೂರಿಸಿದ್ದ, ಯಾವ ಕಡೆ ಯಾವ ಟ್ಯಾಂಕು ಎಂಬ ಗುರುತೂ ಇರಲಿಲ್ಲ. ಅದನ್ನು ಹಿಡಿಯಲು ಮೈ ತಿರುಗಿಸಿದಾಗ ಬಲಗಾಲು ರಡರ್ ಪೆಡಲನ್ನು ಒತ್ತಿರಬೇಕು ಎಂದು ತನಿಖೆ ಹೇಳಿತು. ವಿಮಾನ ಸಮುದ್ರಕ್ಕೆ ಬಿತ್ತು. ಡೆನ್ವರ್‌ಗೆ ಆಗ 53 ವರ್ಷ.