ಅಳೆದು ಕೊಡುವ ವ್ಯಾಯಾಮ

“ನಡೆಯಿರಿ, ತೂಕ ಇಳಿಸಿರಿ” ಎಂಬುದರಷ್ಟು ಅಗ್ಗವಾದ ಔಷಧಿ ಬೇರೊಂದಿಲ್ಲ. ಹೇಳುವವರಿಗೆ ಖರ್ಚಿಲ್ಲ, ಅದರ ಬೆಲೆ ಕೇಳುವವರ ಮೊಣಕಾಲಿಗೆ ಮಾತ್ರ ಗೊತ್ತು. ನೂರು ಕಿಲೋ ದಾಟಿದ ಮೈ ಹೊತ್ತು ಉದ್ಯಾನಕ್ಕೆ ಹೋದವನು ಎರಡನೆಯ ಸುತ್ತಿಗೇ ಏದುಸಿರು ಬಿಡುತ್ತಾನೆ. ಅಕ್ಕಪಕ್ಕದವರ ನೋಟ ಚುಚ್ಚುತ್ತದೆ. ಮೂರನೆಯ ದಿನ ಮನೆಯಲ್ಲೇ ಉಳಿಯುತ್ತಾನೆ. ಆಗ ಲೋಕ ಅವನನ್ನು ಸೋಮಾರಿಯೆನ್ನುತ್ತದೆ. ಇದು ಅನ್ಯಾಯವೆಂದೇ ನನ್ನ ಎಣಿಕೆ.

ನಮ್ಮ ಗರಡಿಮನೆಗಳ ಉಸ್ತಾದರು ಹುರಿಗಟ್ಟಿದ ಮೈಯವರಿಗೆ ದಂಡ, ಬಸ್ಕಿಗಳನ್ನು ಕಲಿಸಿದರು. ರೋಗಿಗೆ ವ್ಯಾಯಾಮವನ್ನು ಅಳೆದು ಕೊಡುವ ವಿದ್ಯೆ ಬೇರೆ. ಅದನ್ನು ವಿಶ್ವವಿದ್ಯಾಲಯದಲ್ಲಿ ಓದಿ, ಮಾನ್ಯತೆ ಪಡೆದು ನಡೆಸುವ ವೃತ್ತಿಯಾಗಿ ಬೆಳೆಸಿದ ದೇಶಗಳಲ್ಲಿ ಆಸ್ಟ್ರೇಲಿಯವೊಂದು. ದೀರ್ಘಕಾಲದ ಕಾಯಿಲೆಯುಳ್ಳವರನ್ನು ವೈದ್ಯರು ಇಂಥ ತಜ್ಞರಲ್ಲಿಗೆ ಕಳುಹಿಸಿದರೆ, 2006ರಿಂದ ಅಲ್ಲಿನ ಸರ್ಕಾರದ ‘ಮೆಡಿಕೇರ್’ ವೆಚ್ಚದಲ್ಲಿ ಪಾಲು ಕೊಡುತ್ತಿದೆ. ವರ್ಷಕ್ಕೆ ಐದೇ ಭೇಟಿ, ಅದೂ ಪಥ್ಯತಜ್ಞರೇ ಮೊದಲಾದವರ ಭೇಟಿಗಳೂ ಸೇರಿ. ಜಿಪುಣತನವೆಂದು ನನಗೆ ತೋರುತ್ತದೆ. ಆದರೂ ಬಾಗಿಲು ತೆರೆದಿದೆ.

ಈ ತಜ್ಞರು ಮಾಡುವುದೇನು? ಮೊದಲು ವಿಚಾರಿಸುತ್ತಾರೆ: ಎದೆನೋವುಂಟೆ, ಸಕ್ಕರೆ ಕಾಯಿಲೆಗೆ ಯಾವ ಮಾತ್ರೆ, ಮೆಟ್ಟಿಲು ಹತ್ತಿದರೆ ಏನಾಗುತ್ತದೆ? ಬಳಿಕ ಆರು ನಿಮಿಷ ನಡೆಸಿ ದೂರವನ್ನು ಅಳೆಯುವುದುಂಟು. ಶ್ರಮವನ್ನು ತೂಗಲು ಮಾತ್ರ ರೋಗಿಯ ಮಾತೇ ತಕ್ಕಡಿ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಇದಕ್ಕಾಗಿ 6ರಿಂದ 20ರವರೆಗಿನ ಮಾನವೊಂದನ್ನು ರಚಿಸಿದರು. ಆರೋಗ್ಯವಂತ ತರುಣನು ಹೇಳಿದ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಅವನ ನಾಡಿಬಡಿತ ಸರಿಸುಮಾರು ಸಿಕ್ಕುತ್ತದೆ. ಒಬ್ಬನಿಗೆ ಬರಿಯ ತಿರುಗಾಟವಾದದ್ದು ಇನ್ನೊಬ್ಬನಿಗೆ 15 ಆಗಬಹುದು. “ನನಗೆ ಕಷ್ಟ” ಎಂಬ ಮಾತನ್ನು ನೆವವೆನ್ನದೆ ಅಳತೆಯೆಂದು ಬರೆದುಕೊಳ್ಳುವವರು ಸಿಕ್ಕಿದ್ದೇ ರೋಗಿಗೆ ಅರ್ಧ ಬಲ.

ಮೊದಲ ಪಾಠ ಕೈಯೂರದೆ ಕುರ್ಚಿಯಿಂದ ಏಳುವುದಷ್ಟೇ ಇರಬಹುದು—ಅರ್ಧ ಬಸ್ಕಿಯೆನ್ನಿ! ಮೊಣಕಾಲು ಒಪ್ಪದಿದ್ದರೆ ನೀರಿನಲ್ಲಿ ನಡೆಸುತ್ತಾರೆ. ಮೊಣಕಾಲು ಸವೆದ ಸ್ಥೂಲಕಾಯರಲ್ಲಿ ಒಂದು ಕಿಲೋ ಇಳಿದರೆ ಹೆಜ್ಜೆಹೆಜ್ಜೆಗೂ ಕೀಲಿನ ಹೊರೆ ನಾಲ್ಕು ಕಿಲೋದಷ್ಟು ತಗ್ಗುವುದನ್ನು ಅಮೆರಿಕದ ಸಂಶೋಧಕರು 2005ರಲ್ಲಿ ಪ್ರಕಟಿಸಿದರು.

ಆದರೆ ವ್ಯಾಯಾಮವೊಂದರಿಂದಲೇ ತೂಕ ಬಹಳ ಇಳಿಯದು. ಸಾಮಾನ್ಯವಾಗಿ ಎರಡು ಮೂರು ಕಿಲೋ. ಒಳ್ಳೆಯ ತಜ್ಞರು ಇದನ್ನು ಮುಚ್ಚಿಡುವುದಿಲ್ಲ. ತೂಕದ ಮುಳ್ಳು ಹೆಚ್ಚು ಅಲುಗದಿದ್ದರೂ ರಕ್ತದೊತ್ತಡ ತಗ್ಗಬಹುದು, ಹೊಟ್ಟೆಯೊಳಗಿನ ಕೊಬ್ಬು ಕರಗಬಹುದು. ತೂಕ ಇಳಿಸುವ ಈಗಿನ ಚುಚ್ಚುಮದ್ದುಗಳಿಂದ ಕೊಬ್ಬಿನೊಡನೆ ಸ್ನಾಯುವೂ ಕಳೆಯುವುದರಿಂದ ಭಾರ ಎತ್ತುವ ಅಭ್ಯಾಸಕ್ಕೆ ಇನ್ನಷ್ಟು ಬೆಲೆ ಬಂದಿದೆ. ಆದ್ದರಿಂದ ಅವರ ಪುಸ್ತಕದಲ್ಲಿ ಕಿಲೋಗಳ ಪಕ್ಕಕ್ಕೆ ಬೇರೆ ಲೆಕ್ಕಗಳೂ ಇರುತ್ತವೆ: ಈ ವಾರ ಎಷ್ಟು ಮೆಟ್ಟಿಲು, ನೆಲದಿಂದ ಎದ್ದದ್ದು ಹೇಗೆ, ಮೊಮ್ಮಗನನ್ನು ಶಾಲೆಗೆ ಬಿಡಲು ಹೋದಾಗ ದಾರಿಯಲ್ಲಿ ಎಷ್ಟು ಕಡೆ ನಿಲ್ಲಬೇಕಾಯಿತು.