ಮನೆ ನಿಂತಿರೋದು ಕಂಬದ ಮೇಲೆ

ಹೊಸಕೋಟೆ ಹತ್ತಿರದ ಪಿಲ್ಲಗುಂಪೆ ಅಂದ್ರೆ ಈಗ ನೆನಪಾಗೋದು ಫ್ಯಾಕ್ಟರಿ, ಲಾರಿ. ಒಳಬೀದಿಯಲ್ಲಿ ನಮ್ಮಜ್ಜಿಯ ತೊಟ್ಟಿಮನೆ ಇನ್ನೂ ಇದೆ. ಗೋಡೆ ಬಿರುಕು ಬಿಟ್ಟಿದೆ, ಕೆಡವಿ ಬಾಡಿಗೆ ಮನೆಗಳನ್ನ ಕಟ್ಟೋಣ ಅಂತಾರೆ ದೊಡ್ಡಪ್ಪ. ನೋಡೋಕೆ ಬಂದ ಬಡಗಿ ಮಾತ್ರ, "ಗೋಡೆ ಬಿಡಿ ಸ್ವಾಮಿ, ಮನೆ ನಿಂತಿರೋದು ಕಂಬದ ಮೇಲೆ" ಅಂದರು.

ಅದು ಮುಕ್ಕಾಲು ನಿಜ. ತೊಟ್ಟಿಯ ಸುತ್ತ ಮರದ ಕಂಬ, ಅದರ ಮೇಲೆ ಬೋದಿಗೆ, ಆಮೇಲೆ ತೊಲೆ, ಜಂತೆ, ಹೆಂಚು. ಒಳಮುಖದ ಭಾರವೆಲ್ಲ ಕಂಬಕ್ಕೆ. ಹೊರಗಡೆಯದು ಮಣ್ಣಿನ ಗೋಡೆಗೆ. ಕಂಬದ ಬುಡಕ್ಕೆ ಕಲ್ಲು ಕೊಟ್ಟಿರೋದು ಅಂದಕ್ಕಲ್ಲ, ತೇವ, ಗೆದ್ದಲು ಮರಕ್ಕೆ ಹತ್ತದಿರಲಿ ಅಂತ. ಚಾವಣಿಗೆ ಆನಿಕೆ ಕೊಟ್ಟು ಬಿರುಕುಬಿಟ್ಟ ಗೋಡೆಯನ್ನಷ್ಟೇ ಸ್ವಲ್ಪಸ್ವಲ್ಪ ಬಿಚ್ಚಿ ಮತ್ತೆ ಕಟ್ಟಬಹುದು.

ಇಂಗ್ಲೆಂಡಿನ ರೈತರ ಹಳೇ ಮನೆಗಳ ಲೆಕ್ಕಾಚಾರವೂ ಹೆಚ್ಚುಕಮ್ಮಿ ಇದೇ. ಓಕ್ ಮರದ ಚೌಕಟ್ಟು, ನಡುವೆ ಕಡ್ಡಿ ಹೆಣೆದು ಮೆತ್ತಿದ ಮಣ್ಣು, ಮೇಲೆ ಹುಲ್ಲು. ನೀರು ನಿಂತರೆ ಹುಲ್ಲು ಕೊಳೆಯುತ್ತೆ, ಅದಕ್ಕೇ ಚಾವಣಿ ಅಷ್ಟು ಕಡಿದು. ಷೇಕ್ಸ್‌ಪಿಯರ್ ಹೆಂಡತಿ ಆನ್ ಹ್ಯಾಥವೇ ಹುಟ್ಟಿದ ಮನೆಯೂ ಅಂಥದ್ದೇ. 1892ರಲ್ಲಿ ಒಂದು ಟ್ರಸ್ಟ್ ಅದನ್ನ ಕೊಂಡಿತು. 1969ರಲ್ಲಿ ಬೆಂಕಿ ಬಿದ್ದರೂ ರಿಪೇರಿ ಮಾಡಿ ಉಳಿಸಿಕೊಂಡರು. ನಮ್ಮಜ್ಜಿ ಯಾವ ಕವಿಯನ್ನೂ ಮದುವೆಯಾಗಲಿಲ್ಲ, ಹಾಗಾಗಿ ಟ್ರಸ್ಟ್ ಬರಲ್ಲ.

ಬಂದಿದ್ದು ಹಳೇ ಮರದ ವ್ಯಾಪಾರಿ. ಇಂಥ ಕಂಬಗಳಿಗೆ ಈಗ ಬೆಂಗಳೂರಿನ ಕೆಫೆ, ರೆಸಾರ್ಟ್‌ಗಳಲ್ಲಿ ಒಳ್ಳೇ ಗಿರಾಕಿ. ಅಲ್ಲಿ ಅವು ಏನನ್ನೂ ಹೊರಬೇಕಿಲ್ಲ, ಸುಮ್ನೆ ನಿಂತರಾಯ್ತು. ದೊಡ್ಡಪ್ಪ ಇನ್ನೂ ಹೂಂ ಅಂದಿಲ್ಲ. ಈ ಭಾನುವಾರ ಬಡಗಿಯನ್ನ ಕರ್ಕೊಂಡು, ಟೇಪು ಹಿಡ್ಕೊಂಡು ನಾನೂ ಹೋಗ್ತಿದ್ದೀನಿ.