ಕಥೆಗೆ ‘ಹೂಂ’ ಅನ್ನುವವರು ಬೇಕು



ಭಾನುವಾರದ ಕನ್ನಡ ತರಗತಿಯಲ್ಲಿ ಒಬ್ಬ ಹುಡುಗ ನನ್ನನ್ನು ಕೇಳಿದ: “ಆಂಟಿ, ಪುರಾಣ, ಐತಿಹ್ಯ, ಜನಪದ ಕಥೆ, ಎಲ್ಲಾ ಸ್ಟೋರಿನೇ ತಾನೆ? ಅದಕ್ಕೆ ಇಷ್ಟೊಂದು ಪದ ಯಾಕೆ?” ಒಳ್ಳೆಯ ಪ್ರಶ್ನೆ. ನಿಮ್ಮಲ್ಲಿ ಹಲವರಿಗೂ ಇದು ಹೊಳೆದಿರಬಹುದು.

ಮೊದಲು ‘ಜನಪದ’. ಜನ ನೆಲೆ ನಿಂತ ನಾಡು, ಆ ನಾಡಿನ ಜನ ಎಂದು ಇದರ ಅರ್ಥ. ಆ ಜನರಿಗೆ ಸೇರಿದ ಕಥೆ, ಹಾಡು, ಗಾದೆ, ಒಗಟು, ಕುಣಿತ ಎಲ್ಲವೂ ‘ಜಾನಪದ’. ಒಂದು ದೀರ್ಘ ಮಾತ್ರ ವ್ಯತ್ಯಾಸ.

‘ಪುರಾಣ’ ಎಂದರೆ ಹಳೆಯದು. ದೇವರು, ಸೃಷ್ಟಿ, ಅವತಾರಗಳ ಕಥೆ. ಹೇಳುವವರೂ ಕೇಳುವವರೂ ಅದನ್ನು ಭಕ್ತಿಯಿಂದ ಒಪ್ಪಿಕೊಂಡಿರುತ್ತಾರೆ.

‘ಐತಿಹ್ಯ’ ಒಂದು ಊರಿಗೋ ಬೆಟ್ಟಕ್ಕೋ ರಾಜನಿಗೋ ಅಂಟಿಕೊಂಡಿರುತ್ತದೆ. ಸಂಸ್ಕೃತದ ‘ಇತಿ ಹ’ ಎಂಬ ಮಾತಿನಿಂದ ಬಂದ ಪದ ಇದು. ಅಂದರೆ ‘ಹೀಗಂತೆ’! ನೀವು ಮನೆಯಲ್ಲಿ ದಿನವೂ ಕೇಳುವ ‘ಅಂತೆ’ಯೇ ಅದು. ‘ಹೋದನು’ ಅಂದರೆ ನನಗೆ ಗೊತ್ತು. ‘ಹೋದನಂತೆ’ ಅಂದರೆ ಯಾರೋ ಹೇಳಿದ್ದು. ಬಾಯಿಂದ ಬಾಯಿಗೆ ಬಂದ ಇಂಥದ್ದನ್ನೇ ‘ದಂತಕಥೆ’ ಎಂದೂ ಕರೆಯುತ್ತಾರೆ. ಈಗಿನ ಪತ್ರಿಕೆಗಳು ಕ್ರಿಕೆಟ್ ಆಟಗಾರರನ್ನೂ ದಂತಕಥೆ ಎನ್ನುತ್ತವೆ, ಆ ಮಾತು ಬೇರೆ.

ಒಂದು ಉದಾಹರಣೆ ನೋಡೋಣ. ಹಸಿದು ಬಂದ ರಾಜ ವೀರಬಲ್ಲಾಳನಿಗೆ ಒಬ್ಬ ಅಜ್ಜಿ ಬೆಂದ ಕಾಳು ಕೊಟ್ಟಳಂತೆ, ಆ ಊರು ‘ಬೆಂದಕಾಳೂರು’ ಆಗಿ ಆಮೇಲೆ ಬೆಂಗಳೂರು ಆಯಿತಂತೆ. ಆದರೆ ಬೇಗೂರಿನ ದೇವಸ್ಥಾನದಲ್ಲಿರುವ, ಸುಮಾರು ಕ್ರಿ.ಶ. 890ರ ಶಾಸನದಲ್ಲೇ ‘ಬೆಂಗಳೂರು’ ಎಂಬ ಹೆಸರಿದೆ. ವೀರಬಲ್ಲಾಳ ಆಳಿದ್ದು ಅದಾಗಿ ಸುಮಾರು 300 ವರ್ಷಗಳ ನಂತರ. ಶಾಸನ ಇತಿಹಾಸ, ಅಜ್ಜಿಯದು ಐತಿಹ್ಯ. ಹಾಗೆಂದು ಐತಿಹ್ಯ ಬರೀ ಸುಳ್ಳಲ್ಲ. ಹಸಿದವರಿಗೆ ಇದ್ದದ್ದನ್ನು ಕೊಡುವುದು ದೊಡ್ಡದು ಎಂದು ಆ ಜನ ನಂಬಿದ್ದರು, ಅದು ನಿಜ.

ಇನ್ನು ‘ಜನಪದ ಕಥೆ’. ಇದರಲ್ಲಿ ಊರಿಗೆ ಹೆಸರಿಲ್ಲ, ಇಸವಿ ಇಲ್ಲ. “ಒಂದಾನೊಂದು ಊರು, ಅಲ್ಲೊಬ್ಬ ರಾಜ.” ನಂಬಿ ಎಂದು ಯಾರೂ ಒತ್ತಾಯ ಮಾಡುವುದಿಲ್ಲ. ಮನೆಮಾತಿನಲ್ಲಿ ಇದೇ ‘ಅಜ್ಜಿಕಥೆ’, ‘ಅಡಗೂಲಜ್ಜಿ ಕಥೆ’. ಅಡು ಎಂದರೆ ಬೇಯಿಸು, ಕೂಳು ಎಂದರೆ ಅನ್ನ. ದಾರಿಹೋಕರಿಗೆ ಅಡುಗೆ ಮಾಡಿ ಹಾಕುವ ಅಜ್ಜಿಯೇ ಅಡಗೂಲಜ್ಜಿ. ಕಥೆಯ ರಾಜಕುಮಾರ ಪರಊರಿಗೆ ಹೋದಾಗ ಇಳಿದುಕೊಳ್ಳುವುದು ಅವಳ ಮನೆಯಲ್ಲೇ. ಬೆಂದ ಕಾಳು ಕೊಟ್ಟ ಅಜ್ಜಿ ಅವಳ ಅಕ್ಕನೋ ತಂಗಿಯೋ ಇರಬೇಕು ಅಂತ ನನಗೆ ಅನ್ನಿಸುತ್ತದೆ.

ಪದಗಳ ಅರ್ಥ ಇಷ್ಟು. ಆದರೆ ಅರ್ಥ ತಿಳಿದರೆ ಸಾಲದು ಎಂದು ಹೇಳುವ ಕಥೆಯೇ ಒಂದಿದೆ. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಎ.ಕೆ. ರಾಮಾನುಜನ್ 1991ರಲ್ಲಿ ಭಾರತದ ಜನಪದ ಕಥೆಗಳ ಒಂದು ಇಂಗ್ಲಿಷ್ ಸಂಕಲನ ತಂದರು. ಅದರಲ್ಲಿರುವ ಒಂದು ಕನ್ನಡ ಕಥೆ ಹೀಗಿದೆ.

ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತಂತೆ. ಯಾರಿಗೂ ಹೇಳಲೇ ಇಲ್ಲ. ಒಳಗೇ ಇದ್ದು ಅವಕ್ಕೆ ಉಸಿರು ಕಟ್ಟಿತು. ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬಂದವು. ಕಥೆ ಒಂದು ಜೊತೆ ಜೋಡಾಗಿ ಬಾಗಿಲಲ್ಲಿ ಕೂತಿತು, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದು ನೋಡಿ, “ಯಾರು ಬಂದಿದ್ದಾರೆ?” ಎಂದ. “ಯಾರೂ ಇಲ್ಲ” ಎಂದಳು. ಜಗಳವಾಯಿತು. ಅವನು ಕಂಬಳಿ ಹೊದ್ದು ಹನುಮಂತನ ಗುಡಿಗೆ ಹೋಗಿ ಮಲಗಿದ. ಊರಲ್ಲಿ ಆರಿಸಿದ ದೀಪಗಳ ಜ್ವಾಲೆಗಳೆಲ್ಲ ರಾತ್ರಿ ಅಲ್ಲಿಗೆ ಹರಟೆಗೆ ಬರುತ್ತಿದ್ದವು. ಅವನ ಮನೆಯ ಜ್ವಾಲೆ ತಡವಾಗಿ ಬಂದು ಎಲ್ಲವನ್ನೂ ಹೇಳಿತು. ಅವನ ಅನುಮಾನ ಹೋಯಿತು. ಮನೆಗೆ ಬಂದು ಕೇಳಿದರೆ, ಹೆಂಡತಿಗೆ ಕಥೆಯೂ ಮರೆತಿತ್ತು, ಹಾಡೂ ಮರೆತಿತ್ತು.

ಈ ಕೊನೆ ಓದುವಾಗಲೆಲ್ಲ ನನಗೆ ಅಳುಕು. ನನ್ನಜ್ಜಿ ಏಳು ಮಲ್ಲಿಗೆ ತೂಕದ ರಾಜಕುಮಾರಿಯ ಕಥೆ ಹೇಳುತ್ತಿದ್ದರು. ನಾನು ಅರ್ಧಕ್ಕೇ ನಿದ್ದೆಹೋಗುತ್ತಿದ್ದೆ. ಎಂ.ಎ. ಪರೀಕ್ಷೆಯಲ್ಲಿ ಜನಪದ ಕಥೆಯ ಲಕ್ಷಣಗಳನ್ನು ಪುಟಗಟ್ಟಲೆ ಬರೆದೆ. ರಜೆಯಲ್ಲಿ ಊರಿಗೆ ಹೋದಾಗ, “ಅಜ್ಜಿ, ಆಮೇಲೇನಾಯ್ತು?” ಎಂದು ಮಾತ್ರ ಕೇಳಲಿಲ್ಲ. ಈಗ ಅಜ್ಜಿ ಇಲ್ಲ. ನನ್ನ ಮಗಳಿಗೆ ಕೊಡಲು ನನ್ನ ಬಳಿ ಅರ್ಧ ಕಥೆ ಇದೆ.

ನಾವಿರುವ ಈ ಸಿಯಾಟಲ್ ನೆಲದ ಮೂಲ ಭಾಷೆ ಲುಶೂಟ್‌ಸೀಡ್. ಆ ಭಾಷೆಯ ಹಿರಿಯರಾದ ವೈ ಹಿಲ್ಬರ್ಟ್ (1918–2008) ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅದನ್ನು ಕಲಿಸಿದವರು. 1985ರಲ್ಲಿ ಬಂದ ಅವರ ಕಥೆಗಳ ಪುಸ್ತಕದ ಹೆಸರು ‘ಹಬೂ’. ಕಥೆ ಕೇಳುವವರು ‘ನಾವು ಎಚ್ಚರವಾಗಿದ್ದೇವೆ, ಹೇಳಿ’ ಎನ್ನಲು ನಡುನಡುವೆ ಕೂಗುವ ಮಾತು ಅದು. ಇದನ್ನು ತಿಳಿದಾಗ ನನಗೆ ನಮ್ಮ ‘ಹೂಂ’ ನೆನಪಾಯಿತು. “ಹೂಂ ಅನ್ನದಿದ್ದರೆ ಕಥೆ ನಿಲ್ಲಿಸ್ತೀನಿ ನೋಡು” ಎಂದು ಗದರುತ್ತಿದ್ದ ಅಜ್ಜಿಯೂ ನೆನಪಾದರು.

ಆದ್ದರಿಂದ ಒಂದು ಕೋರಿಕೆ. ಈ ವಾರ ಅಜ್ಜಿಗೋ ತಾತನಿಗೋ ವಿಡಿಯೋ ಕರೆ ಮಾಡಿದಾಗ, “ನೀವು ಚಿಕ್ಕವರಿದ್ದಾಗ ಕೇಳಿದ ಒಂದು ಕಥೆ ಹೇಳಿ” ಎನ್ನಿ. ಅವರನ್ನು ಕೇಳಿಯೇ ರೆಕಾರ್ಡ್ ಮಾಡಿ. ಯಾರು ಹೇಳಿದ್ದು, ಯಾವ ಊರಿನದು ಎಂದು ಬರೆದಿಡಿ. ನನಗೆ ಅಷ್ಟು ಕನ್ನಡ ಬರಲ್ಲವಲ್ಲ ಎಂದು ಹಿಂಜರಿಯಬೇಡಿ. ‘ಹೂಂ’ ಅನ್ನಲು ಬಂದರೆ ಸಾಕು, ಶುರು ಮಾಡಬಹುದು.